ಹಳೇ ಕಾಲದ ತಲೆ ಕಟ್ಟೋದಾದರೆ: ಈಜಿಪ್ಟಿನ ಮೇಣವೋ, ರೋಮಿನ ಸೂಜಿಯೋ, ಗ್ರೀಕರ ಜಡೆಯೋ?

ರೋಮಿನ ರಾಣಿಯ ಪಾತ್ರ. ಹಣೆಯ ಮೇಲೆ ಗೋಪುರದ ಹಾಗೆ ಎದ್ದು ನಿಂತ ಗುಂಗುರು ಕೂದಲು, ಹಿಂದೆ ಜಡೆ ಸುತ್ತಿ ಕಟ್ಟಿದ ತುರುಬು. ಎರಡನೇ ದೃಶ್ಯದಲ್ಲಿ ರಾಣಿ ಸಿಟ್ಟು ಬಂದು ತಟ್ಟನೆ ಕತ್ತು ಹೊರಳಿಸಿದಳು. ಮುಖ ಬಲಕ್ಕೆ ತಿರುಗಿತು, ಗೋಪುರ ಎಡಕ್ಕೇ ಉಳಿಯಿತು. ಮುಂದಿನ ಸಾಲಿನವರು ಬಾಯಿಗೆ ಕರ್ಚೀಫು ಒತ್ತಿಕೊಂಡಿದ್ದು ನನಗೆ ಪಕ್ಕದ ಪರದೆಯ ಸಂದಿಯಿಂದ ಚೆನ್ನಾಗಿಯೇ ಕಾಣಿಸಿತು. ಆ ತಲೆ ಕಟ್ಟಿದ್ದು ನಾನೇ. ನಲವತ್ತಕ್ಕೂ ಜಾಸ್ತಿ ಹೇರ್‌ಪಿನ್ ಚುಚ್ಚಿದ್ದೆ.

ಆಮೇಲೆ ಓದಿ ತಿಳಿದುಕೊಂಡೆ. ರೋಮಿನ ಹೆಂಗಸರ ಅಂಥ ತಲೆಗಳು ಬರೀ ಪಿನ್ನಿನ ಮೇಲೆ ನಿಂತಿರಲಿಲ್ಲವಂತೆ. ಸೂಜಿ, ದಾರ ತಗೊಂಡು ಜಡೆಗೆ ಜಡೆ ಸೇರಿಸಿ ಹೊಲಿಯುತ್ತಿದ್ದರು!

ಹಳೇ ಕಾಲದ ಕೇಶವಿನ್ಯಾಸ ಅಂತ ಹುಡುಕಿದರೆ ಸಿಗೋದು ಸಾಲು ಸಾಲು ಚಂದದ ಚಿತ್ರಗಳು. ಚಿತ್ರ ನೋಡಿ 'ನನಗೆ ಇದೇ ಬೇಕು' ಅಂದುಬಿಟ್ಟರೆ ನನಗಾದ ಗತಿಯೇ ಆಗುತ್ತದೆ. ನಾಟಕಕ್ಕೋ, ಫೋಟೋಗೋ, ವೇಷದ ಸ್ಪರ್ಧೆಗೋ, ಸುಮ್ನೆ ಆಸೆಗೋ, ಯಾವುದಕ್ಕೇ ಆಗಲಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಕೂದಲು ತಲೆಯ ಮೇಲೆ ಯಾವುದರ ಬಲದಿಂದ ನಿಂತಿದೆ? ಹೆಣೆದಿದ್ದಾ, ಮೇಣದಿಂದ ಅಂಟಿಸಿದ್ದಾ, ಹೊಲಿದಿದ್ದಾ, ಟೋಪಿ ಥರ ಇಟ್ಟಿದ್ದಾ? ಅದು ಗೊತ್ತಾದರೆ ನಿಮ್ಮ ತಲೆಗೆ ಯಾವುದು ಆಗುತ್ತದೆ, ಯಾವುದು ಆಗಲ್ಲ ಅಂತ ಅರ್ಧ ತೀರ್ಮಾನ ಆದ ಹಾಗೆ.

ಇನ್ನೊಂದು ಮಾತು. ಎಕ್ಸ್‌ಟೆನ್ಶನ್, ಅಂದರೆ ಸ್ವಂತ ಕೂದಲಿಗೆ ಜೋಡಿಸೋ ಬೇರೆ ಕೂದಲು, ಅಂದ ತಕ್ಷಣ ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಂತ ಅನ್ನಿಸುತ್ತದೆ. ನಮ್ಮಲ್ಲಿ ಅದಕ್ಕೆ ಚೌರಿ ಅನ್ನೋ ಹಳೇ ಪದವೇ ಇದೆ ಅಲ್ವಾ. ಮುಂದೆ ನಾನು ಚೌರಿ ಅಂತಲೇ ಬರೆಯುತ್ತೇನೆ.

ಈಜಿಪ್ಟ್: ಒಂದು ದೇಶ, ಎರಡು ದಾರಿ

ಈಜಿಪ್ಟ್ ಅಂದರೆ ಎಲ್ಲರ ಕಣ್ಣ ಮುಂದೆ ಬರೋದು ಕಪ್ಪು ವಿಗ್. ನಿಜ, ಆದರೆ ಚೌರಿ ಅದಕ್ಕಿಂತ ಹಳೇದು. ಹೈರಾಕೊನ್‌ಪೊಲಿಸ್ ಅನ್ನೋ ಜಾಗದಲ್ಲಿ ಕ್ರಿ.ಪೂ. 3400ರ ಹೊತ್ತಿನ ಒಬ್ಬ ಹೆಂಗಸಿನ ಸಮಾಧಿ ಸಿಕ್ಕಿದೆ. ಪಿರಮಿಡ್ಡುಗಳು ಏಳೋಕೆ ಇನ್ನೂ ಏಳೆಂಟು ನೂರು ವರ್ಷ ಇತ್ತು. ಅವಳ ತಲೆಯಲ್ಲಿ ಆಗಲೇ ಚೌರಿ ಸೇರಿಸಿದ್ದಾರೆ, ನರೆತ ಕೂದಲಿಗೆ ಗೋರಂಟಿ ಬಣ್ಣ ಬೇರೆ ಹಾಕಿದ್ದಾರೆ. ಐದು ಸಾವಿರ ವರ್ಷ ಕಳೆದರೂ ಬಿಳಿ ಕೂದಲಿನ ಚಿಂತೆ ಮಾತ್ರ ಹಾಗೇ ಇದೆ ನೋಡಿ.

ಅದಕ್ಕಿಂತ ಬೆರಗಾಗಿಸೋದು ಅಮರ್ನಾದಲ್ಲಿ ಸಿಕ್ಕ ಹೆಂಗಸು. ಅಖೆನಾತೆನ್ ದೊರೆ ಕಟ್ಟಿಸಿದ ಊರು ಅದು, ಸುಮಾರು 3300 ವರ್ಷದ ಹಿಂದಿನದು. ಅವಳನ್ನು ಮಮ್ಮಿ ಮಾಡಿರಲಿಲ್ಲ, ಚಾಪೆಯಲ್ಲಿ ಸುತ್ತಿ ಹೂಳಿದ್ದರು ಅಷ್ಟೇ. ಆದರೂ ತಲೆಯ ಮೇಲೆ ಸುಮಾರು 70 ಚೌರಿಗಳು, ಒಂದರ ಮೇಲೊಂದು ಪದರವಾಗಿ, ಬೇರೆ ಬೇರೆ ಎತ್ತರದಲ್ಲಿ ಸೇರಿಸಿದ್ದು ಹಾಗೇ ಉಳಿದಿತ್ತು. ಜೊಲಾಂಡಾ ಬೊಸ್ ಅನ್ನೋ ಪುರಾತತ್ವಜ್ಞೆ 2014ರಲ್ಲಿ ಇದರ ವಿವರ ಬರೆದರು. ಆ ಸ್ಮಶಾನದ ತಲೆಗಳಲ್ಲಿ ಕೂದಲು ನಿಲ್ಲೋಕೆ ಕೊಬ್ಬು ಸವರಿದ್ದೂ ಕಂಡಿದೆ. ದೊಡ್ಡ ಅರಮನೆಯ ರಾಣಿಯರಷ್ಟೇ ಅಲ್ಲ, ಸಾಮಾನ್ಯರೂ ತಲೆಗೆ ಇಷ್ಟೊಂದು ಪಾಡು ಪಡುತ್ತಿದ್ದರು.

ಇದು ಮೊದಲ ದಾರಿ: ನಿಮ್ಮದೇ ಸಣ್ಣ ಜಡೆಯೊಳಗೆ ಬೇರೆ ಕೂದಲಿನ ಎಳೆ ಸೇರಿಸಿ ಹೆಣೆಯೋದು. ಭುಜದವರೆಗೆ ಬರೋ ಕೂದಲಿದ್ದರೂ ನಡೆಯುತ್ತದೆ. ಕುಣಿದರೂ ಬೀಳಲ್ಲ, ಹಾಗೇ ಮಲಗಿ ಎದ್ದರೂ ಹಾಳಾಗಲ್ಲ. ಆದರೆ ಸಮಯ ತಿನ್ನುತ್ತದೆ. 70 ಅಲ್ಲ, 30 ಹೆಣೆಯೋ ಹೊತ್ತಿಗೇ ಹೆಣೆಯುವವರ ಹೆಬ್ಬೆರಳು ಬಾತುಕೊಂಡಿರುತ್ತದೆ. ಇನ್ನೊಂದು ತೊಂದರೆ ಬಿಗಿತ. ಹಣೆ ಮತ್ತು ಕಿವಿಯ ಹತ್ತಿರದ ಎಳೆ ಕೂದಲನ್ನು ಬಿಗಿಯಾಗಿ ಎಳೆದು ಹೆಣೆದು ದಿನಗಟ್ಟಲೆ ಬಿಟ್ಟರೆ ಅಲ್ಲಿ ಕೂದಲು ಉದುರೋಕೆ ಶುರುವಾಗುತ್ತದೆ. ಕೆಲವೊಮ್ಮೆ ಮತ್ತೆ ಹುಟ್ಟುವುದೂ ಇಲ್ಲ. ಅಂಚಿನ ಒಂದು ಬೆರಳಷ್ಟು ಜಾಗ ಬಿಟ್ಟು ಹೆಣೆಯಿರಿ.

ಎರಡನೇ ದಾರಿ ವಿಗ್. ಬ್ರಿಟಿಷ್ ಮ್ಯೂಸಿಯಂನಲ್ಲಿ ಥೀಬ್ಸ್‌ನಿಂದ ಬಂದ ಒಂದು ವಿಗ್ ಇದೆ, ಸುಮಾರು 3400 ವರ್ಷದ್ದು. ಮೇಲೆ ತಿಳಿಬಣ್ಣದ ಗುಂಗುರು, ಕೆಳಗೆ ಕಡುಕಂದು ಬಣ್ಣದ ನೂರಾರು ಸಣ್ಣ ಜಡೆ. ಒಟ್ಟು ಸುಮಾರು 300 ಎಳೆ, ಒಂದೊಂದರಲ್ಲಿ 400ರಷ್ಟು ಕೂದಲು ಅಂತ ಎಣಿಸಿದ್ದಾರೆ. ಅಂದರೆ ಹತ್ತಿರ ಹತ್ತಿರ ಒಂದು ಲಕ್ಷದ ಇಪ್ಪತ್ತು ಸಾವಿರ ಕೂದಲು! ಅದನ್ನೆಲ್ಲ ಹಿಡಿದಿಟ್ಟಿದ್ದು ಜೇನುಮೇಣ ಮತ್ತು ಮರದ ಅಂಟಿನ ಮಿಶ್ರಣ. ಟ್ಯೂರಿನ್ ನಗರದ ಮ್ಯೂಸಿಯಂನಲ್ಲಿ ಮೆರಿತ್ ಅನ್ನೋ ಗೃಹಿಣಿಯ ವಿಗ್ ಇದೆ. ಅವಳ ಮತ್ತು ಗಂಡ ಖಾನ ಸಮಾಧಿ 1906ರಲ್ಲಿ ಒಂದಿಷ್ಟೂ ಕೆಡದೆ ಸಿಕ್ಕಿತು. ವಿಗ್ಗಿಗೆ ಅಂತಲೇ ಮರದ ಪೆಟ್ಟಿಗೆ ಮಾಡಿಸಿದ್ದರು. ಆ ಕೂದಲಿನ ಅಲೆ ಈಗಲೂ ಹಾಗೇ ನಿಂತಿದೆ.

ಕೆಲವು ವಿಗ್ಗುಗಳ ಒಳಗೆ ಖರ್ಜೂರದ ಮರದ ನಾರು ತುಂಬಿ, ಮೇಲೆ ಮಾತ್ರ ಕೂದಲು ಹೊದಿಸಿದ್ದಾರೆ. ನೋಡೋಕೆ ದಪ್ಪ, ಖರ್ಚು ಕಮ್ಮಿ. ಈ ಉಪಾಯ ನನಗೆ ಭಾರಿ ಇಷ್ಟ. ಈಗಲೂ ಗೋಣಿನಾರೋ ಉಣ್ಣೆಯೋ ತುಂಬಿ ಹೀಗೇ ಮಾಡಬಹುದು.

ವಿಗ್ ಯಾರಿಗೆ? ಕೂದಲು ತೀರಾ ಗಿಡ್ಡ ಇರುವವರಿಗೆ, ಇಲ್ಲವೇ ಇರದವರಿಗೆ. ಈಜಿಪ್ಟಿನ ಪೂಜಾರಿಗಳು ಎರಡು ದಿನಕ್ಕೊಮ್ಮೆ ಮೈಯೆಲ್ಲ ಬೋಳಿಸುತ್ತಿದ್ದರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ, ಹೇನು ಆಗಬಾರದು ಅಂತ. ಬೋಳು ತಲೆಗೆ ವಿಗ್ ಕೂರುವಷ್ಟು ಚೆನ್ನಾಗಿ ಉದ್ದ ಕೂದಲಿನ ಮೇಲೆ ಕೂರಲ್ಲ, ಒಳಗೆ ಗಂಟು ಗಂಟಾಗಿ ಉಬ್ಬುತ್ತದೆ. ಹತ್ತು ನಿಮಿಷದಲ್ಲಿ ವೇಷ ಬದಲಾಯಿಸಬೇಕಾದರೆ ಇದನ್ನು ಬಿಟ್ಟರೆ ಗತಿಯಿಲ್ಲ.

ಮೇಣದ ವಿಷಯಕ್ಕೆ ಬಂದರೆ, ಜೇನುಮೇಣ ಕರಗೋದು 62 ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ ಮೆತ್ತಗಾಗೋಕೆ ಅಷ್ಟು ಬಿಸಿ ಬೇಡ, ರಂಗದ ದೀಪದ ಕೆಳಗೆ ಅರ್ಧ ಗಂಟೆ ನಿಂತರೂ ಗುಂಗುರು ಜೋತುಬೀಳೋಕೆ ಸಾಕು. ಹಚ್ಚೋದಾದರೆ ಚೌರಿಗೆ ಮಾತ್ರ ಹಚ್ಚಿ, ಕಡ್ಡಿಗೆ ಸುತ್ತಿ ಪೂರ್ತಿ ಆರಿಸಿ, ಆಮೇಲೆ ತಲೆಗೆ ಕಟ್ಟಿ. ಸ್ವಂತ ಕೂದಲಿಗೆ ಬೇಡವೇ ಬೇಡ. ಮೂರು ಸಲ ಎಣ್ಣೆ ಉಜ್ಜಿ, ಮೂರು ಸಲ ತಲೆ ತೊಳೆದರೂ ಬಾಚಣಿಗೆಗೆ ಬಿಳಿ ಪುಡಿ ಬರುತ್ತಲೇ ಇರುತ್ತದೆ.

ರೋಮ್: ಸೂಜಿಯೇ ಗೆಲ್ಲೋದು

ನನ್ನ ಪಕ್ಷಪಾತ ಇಲ್ಲಿ ಗೊತ್ತಾಗಿಬಿಡುತ್ತದೆ, ಆಗಲಿ.

ಜಾನೆಟ್ ಸ್ಟೀಫನ್ಸ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕೂದಲು ಕತ್ತರಿಸೋ ಕೆಲಸ ಮಾಡುವವರು. ಪ್ರೊಫೆಸರ್ ಅಲ್ಲ. 2001ರಲ್ಲಿ ಒಂದು ಮ್ಯೂಸಿಯಂನಲ್ಲಿ ಜೂಲಿಯಾ ಡೊಮ್ನಾ ಮಹಾರಾಣಿಯ ಅಮೃತಶಿಲೆಯ ತಲೆ ನೋಡಿದರು. ಎಲ್ಲರೂ ಮುಖ ನೋಡುತ್ತಾರೆ, ಇವರು ಹಿಂದೆ ಹೋಗಿ ತುರುಬು ನೋಡಿದರು. ಮನೆಗೆ ಬಂದು ಅದನ್ನೇ ಕಟ್ಟೋಕೆ ಹೋದರೆ ಪಿನ್ನಿನಲ್ಲಿ ನಿಲ್ಲಲೇ ಇಲ್ಲ. ಲ್ಯಾಟಿನ್‌ನಲ್ಲಿ 'ಅಕುಸ್' ಅಂದರೆ ಪಿನ್ನೂ ಹೌದು, ಸೂಜಿಯೂ ಹೌದು. ಕೂದಲಿನ ಮಾತು ಬಂದಾಗೆಲ್ಲ ವಿದ್ವಾಂಸರು ಅದನ್ನು ಪಿನ್ ಅಂತಲೇ ಓದಿಕೊಂಡು ಬಂದಿದ್ದರು. ಸೂಜಿ ಅಂತ ಓದಿ, ಹೊಲಿದು ನೋಡಿದರೆ ತುರುಬು ಗಟ್ಟಿಯಾಗಿ ನಿಂತಿತು. 2008ರಲ್ಲಿ ರೋಮನ್ ಪುರಾತತ್ವದ ದೊಡ್ಡ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಕೈಯಲ್ಲಿ ಕೆಲಸ ಇದ್ದವರಿಗೆ ಕಂಡದ್ದು ಪುಸ್ತಕದವರಿಗೆ ಕಂಡಿರಲಿಲ್ಲ ಅನ್ನೋದು ನನಗೆ ಒಳಗೊಳಗೇ ಖುಷಿ ಕೊಡುತ್ತದೆ.

ಮಾಡೋದು ಹೀಗೆ. ಮೊನೆ ಮೊಂಡಾದ ದಪ್ಪ ಸೂಜಿ ಬೇಕು, ಸ್ವೆಟರ್ ಹೊಲಿಯೋಕೆ ಬಳಸುತ್ತಾರಲ್ಲ, ಅದು. ದಾರ ಉಣ್ಣೆಯದಾಗಿರಲಿ, ಕೂದಲಿನ ಬಣ್ಣದ್ದೇ. ನುಣುಪು ದಾರ ಜಾರುತ್ತದೆ, ಉಣ್ಣೆ ಕಚ್ಚಿಕೊಳ್ಳುತ್ತದೆ. ಮೊದಲು ಜಡೆ ಹೆಣೆದು, ಚೌರಿಯ ಜಡೆಯನ್ನೂ ಬೇರೆ ಹೆಣೆದು ಪಕ್ಕಕ್ಕಿಡಿ. ನಿಮ್ಮ ಜಡೆಯನ್ನು ತಲೆಯ ಹಿಂದೆ ಸುತ್ತಿ, ಸೂಜಿಯನ್ನು ನೆತ್ತಿಗೆ ಮಲಗಿಸಿದ ಹಾಗೆ ಹಿಡಿದು, ಕೆಳಗಿನ ಸುತ್ತಿನ ಒಳಗಿಂದ ತಂದು ಮೇಲಿನ ಸುತ್ತಿನಲ್ಲಿ ತೂರಿಸಿ. ಎಳೆಯಿರಿ, ಬಿಗಿ ಮಾಡಬೇಡಿ. ಮೂರು ಹೊಲಿಗೆ ಬಿದ್ದ ಮೇಲೆ ಕೈ ಬಿಟ್ಟು ನೋಡಿ. ತುರುಬು ಒಂದು ಚೂರೂ ಅಲುಗಲ್ಲ. ನನಗೆ ಮೊದಲ ಸಲ ಹೀಗಾದಾಗ ಕೂತವಳ ತಲೆ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿಬಿಟ್ಟೆ, ಪಾಪ.

ಹಣೆಯ ಮೇಲಿನ ಗೋಪುರ ಬೇರೆ ವಿಷಯ. ಅದು ಕ್ರಿ.ಶ. 69 ರಿಂದ 96ರವರೆಗೆ ಆಳಿದ ಫ್ಲೇವಿಯನ್ ದೊರೆಗಳ ಕಾಲದ ಫ್ಯಾಷನ್. ಕಾದ ಕಬ್ಬಿಣದ ಕಡ್ಡಿಗೆ ಸುತ್ತಿ ಗುಂಗುರು ಮಾಡಿ ಸಾಲು ಸಾಲಾಗಿ ಏರಿಸುತ್ತಿದ್ದರು. ಈ ಕೆಲಸಕ್ಕೇ ಅಂತ ಒರ್ನಾಟ್ರಿಕ್ಸ್ ಅನ್ನೋ ದಾಸಿಯರು ಇದ್ದರು. ಮುಂದಿನಿಂದ ನೋಡಿದರೆ ಎತ್ತರದ ಹೆಂಗಸು, ಹಿಂದಿನಿಂದ ನೋಡಿದರೆ ಬೇರೆ ಯಾರೋ ಗಿಡ್ಡಿ ಅಂತ ಜುವೆನಲ್ ಕವಿ ಗೇಲಿ ಮಾಡಿದ್ದಾನೆ. ಈ ಗೋಪುರವನ್ನು ಸ್ವಂತ ಕೂದಲಿನಲ್ಲಿ ಕಟ್ಟೋಕೆ ಹೋಗಬೇಡಿ. ಬಿಡಿಯಾಗಿ ಒಂದು ಅರ್ಧಚಂದ್ರದ ಬಟ್ಟೆಪಟ್ಟಿಯ ಮೇಲೆ ಚೌರಿ ಗುಂಗುರುಗಳನ್ನು ಹೊಲಿದು ಇಟ್ಟುಕೊಂಡು, ಆ ಪಟ್ಟಿಯನ್ನು ಹಿಂದಿನ ಜಡೆಗೆ ಎರಡೂ ಕಿವಿಯ ಹತ್ತಿರ ಹೊಲಿದುಬಿಡಿ. ನಾನು ಅವತ್ತು ಮಾಡದೇ ಹೋದದ್ದು ಇದೇ.

ಕೂದಲು ಎಲ್ಲಿಂದ ತರುತ್ತಿದ್ದರು? ಹೊಂಬಣ್ಣದ್ದು ಜರ್ಮನಿ ಕಡೆಯಿಂದ. ಬಣ್ಣ ಹಾಕಿ ಹಾಕಿ ಕೂದಲು ಕಳೆದುಕೊಂಡ ಗೆಳತಿಗೆ ಓವಿಡ್ ಕವಿ, ಇನ್ನು ಸೆರೆಸಿಕ್ಕ ಜರ್ಮನ್ ಹೆಂಗಸರ ಕೂದಲೇ ನಿನಗೆ ಗತಿ ಅಂತ ಚುಚ್ಚುತ್ತಾನೆ. ಕಪ್ಪು ಕೂದಲು? ರೋಮ್ ಸಾಮ್ರಾಜ್ಯದ ಸುಂಕದ ಒಂದು ಪಟ್ಟಿ ಜಸ್ಟಿನಿಯನ್ನನ ಕಾನೂನು ಸಂಗ್ರಹದಲ್ಲಿ ಉಳಿದಿದೆ. ಮೆಣಸು, ಮುತ್ತು, ರೇಷ್ಮೆಯ ಜೊತೆ ಅದರಲ್ಲಿ 'ಭಾರತದ ಕೂದಲು' ಅಂತಲೂ ಬರೆದಿದೆ. ಇದನ್ನು ಓದಿ ನಾನು ಎರಡು ಸಲ ಕಣ್ಣು ಉಜ್ಜಿಕೊಂಡೆ.

ಮಾರ್ಷಿಯಲ್ ಅನ್ನೋ ಇನ್ನೊಬ್ಬ ಕವಿಯ ನಾಲಿಗೆ ಇನ್ನೂ ಹರಿತ. ಫಾಬುಲ್ಲಾ ತನ್ನ ತಲೆಯಲ್ಲಿರೋದು ತನ್ನದೇ ಕೂದಲು ಅಂತ ಆಣೆ ಮಾಡುತ್ತಾಳೆ, ದುಡ್ಡು ಕೊಟ್ಟು ತಂದ ಮೇಲೆ ಅವಳದೇ ತಾನೆ, ಆಣೆ ಸುಳ್ಳು ಹೇಗಾದೀತು ಅಂತ ಕೇಳುತ್ತಾನೆ. ವಿಗ್ ಅವಸರದಲ್ಲಿ ಇಟ್ಟುಕೊಂಡರೆ ಏನಾಗುತ್ತದೆ ಅನ್ನೋದಕ್ಕೂ ಸಾಕ್ಷಿ ಇದೆ. ಓವಿಡ್ ಹೇಳದೇ ಕೇಳದೇ ಒಬ್ಬಳ ಮನೆಗೆ ಹೋದನಂತೆ. ಅವಳು ಗಾಬರಿಯಲ್ಲಿ ವಿಗ್ಗನ್ನು ಹಿಂದುಮುಂದಾಗಿ ಹಾಕಿಕೊಂಡು ಬಂದಳು! ವಿಗ್ಗಿನ ಒಳಗೆ ಹಣೆಯ ಕಡೆ ಒಂದು ಗುರುತು ಹೊಲಿದಿಡಿ ಅಂತ ನಾನು ಹೇಳೋದು ಇದಕ್ಕೇ.

ಗ್ರೀಸ್: ಕೂದಲು ಇದ್ದವರ ಪಾಲು

ಅಥೆನ್ಸ್‌ನ ಎರೆಕ್ಥಿಯಾನ್ ಗುಡಿಯಲ್ಲಿ ಛಾವಣಿ ಹೊತ್ತು ನಿಂತ ಆರು ಕನ್ಯೆಯರು ಗೊತ್ತಲ್ಲ, ಕ್ರಿ.ಪೂ. 421 ಮತ್ತು 406ರ ನಡುವೆ ಕೆತ್ತಿದ್ದು. ಅವರ ಬೆನ್ನ ಮೇಲೆ ದಪ್ಪ ಜಡೆ ಇಳಿದಿದೆ. ಅದು ಬರೀ ಅಲಂಕಾರ ಅಲ್ಲ, ಕಲ್ಲಿನ ಕತ್ತು ತೆಳ್ಳಗಾಗಿ ಮುರಿಯದ ಹಾಗೆ ಕೊಟ್ಟ ಆಸರೆಯೂ ಹೌದು. ಇದನ್ನು ಜೀವಂತ ತಲೆಯ ಮೇಲೆ ಕಟ್ಟೋಕೆ ಆಗುತ್ತದಾ ಅಂತ ಕ್ಯಾಥರೀನ್ ಶ್ವಾಬ್ ಅನ್ನೋ ಅಮೆರಿಕದ ಪ್ರಾಧ್ಯಾಪಕಿ 2009ರಲ್ಲಿ ಆರು ವಿದ್ಯಾರ್ಥಿನಿಯರನ್ನು ಕೂರಿಸಿ ಮಾಡಿಸಿ ನೋಡಿದರು. ಆಗುತ್ತದೆ. ಆದರೆ ಉದ್ದ, ದಟ್ಟ, ಸ್ವಲ್ಪ ಅಲೆಯಿರೋ ಕೂದಲು ಬೇಕು.

ಹಾಗಾಗಿ ನಾನು ಹೇಳೋದು: ಸೊಂಟದ ಹತ್ತಿರ ಬರೋ ದಟ್ಟ ಕೂದಲಿದ್ದರೆ ಮರುಮಾತಿಲ್ಲದೆ ಇದನ್ನೇ ಆರಿಸಿ, ಮೇಣ ಬೇಡ, ಚೌರಿ ಬೇಡ. ತೆಳು ಕೂದಲಿನವರು ಇದರ ಆಸೆ ಬಿಡೋದು ಒಳ್ಳೇದು. ಅಂಥವರಿಗೂ ಗ್ರೀಕರು ಒಂದು ದಾರಿ ಇಟ್ಟಿದ್ದಾರೆ. ಮಡಕೆಗಳ ಮೇಲಿನ ಚಿತ್ರಗಳಲ್ಲಿ ಎಷ್ಟೋ ಹೆಂಗಸರು ತುರುಬಿಗೆ ಬಟ್ಟೆಯ ಚೀಲ ಸುತ್ತಿಕೊಂಡಿರುತ್ತಾರೆ, ಸಾಕೋಸ್ ಅಂತ ಅದರ ಹೆಸರು. ಒಳಗೆ ಕೂದಲಿದೆಯೋ ಹತ್ತಿಯಿದೆಯೋ ಯಾರಿಗೂ ಕಾಣಲ್ಲ. ಐದು ನಿಮಿಷದ ಕೆಲಸ. ನೋಡಿದವರು ಗ್ರೀಕ್ ಅಂತಲೇ ಗುರುತು ಹಿಡಿಯುತ್ತಾರೆ.

ಚೀನಾ: ಅರ್ಧ ನಮ್ಮದು, ಅರ್ಧ ಕೊಂಡಿದ್ದು

1972ರಲ್ಲಿ ಚಾಂಗ್ಶಾ ಊರಿನ ಮಾವಾಂಗ್‌ದುಯಿಯಲ್ಲಿ ಶಿನ್ ಝುಯಿ ಅನ್ನೋ ಶ್ರೀಮಂತ ಹೆಂಗಸಿನ ದೇಹ ಸಿಕ್ಕಿತು. ಎರಡು ಸಾವಿರದ ನೂರಕ್ಕೂ ಜಾಸ್ತಿ ವರ್ಷ ಆಗಿದ್ದರೂ ಚರ್ಮ ಮೆತ್ತಗಿತ್ತು. ಅವಳ ಸ್ವಂತ ಕೂದಲು ಅರ್ಧಕ್ಕೆ ನಿಂತಿತ್ತು, ಉಳಿದರ್ಧ ಚೌರಿ ಜೋಡಿಸಿ ತುರುಬು ಕಟ್ಟಿದ್ದರು. ಮಧ್ಯಮ ಉದ್ದದ ಕೂದಲಿನವರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಹಿಂದೆ ಒಂದೇ ಗೊಂಚಲಾಗಿ ಕಟ್ಟಿ, ಆ ಬುಡಕ್ಕೆ ಒಂದೇ ಒಂದು ಚೌರಿ ಬಿಗಿದು, ಸುತ್ತಿ, ಎರಡು ಕಡ್ಡಿ ತೂರಿಸಿದರೆ ಮುಗಿಯಿತು. ಮುಂದೆ ನುಣ್ಣಗೆ ಬಾಚಿದ ಸ್ವಂತ ಕೂದಲೇ ಕಾಣೋದರಿಂದ ಜೋಡಣೆ ಎಲ್ಲಿದೆ ಅಂತ ಗೊತ್ತಾಗಲ್ಲ. ಕುಣಿತ, ಹೊಡೆದಾಟ ಇದ್ದರೆ ಮಾತ್ರ ಬೇಡ.

ಚೌರಿ ಯಾರ ಕೂದಲು ಅನ್ನೋ ಪ್ರಶ್ನೆಗೆ ಚೀನಾದ ಹಳೇ ಇತಿಹಾಸದಲ್ಲಿ ಒಂದು ಭಯಂಕರ ಕಥೆಯಿದೆ. ವೈ ರಾಜ್ಯದ ದೊರೆ ಝುವಾಂಗ್ ಕೋಟೆಯ ಮೇಲಿಂದ ಜೀ ಅನ್ನೋ ಮನೆಯವನ ಹೆಂಡತಿಯನ್ನು ನೋಡಿದ. ಕೂದಲು ಚೆನ್ನಾಗಿತ್ತು. ಬೋಳಿಸಿ ತರಿಸಿ ತನ್ನ ಹೆಂಡತಿಗೆ ಚೌರಿ ಮಾಡಿಸಿದ. ಮುಂದೆ ಕ್ರಿ.ಪೂ. 478ರಲ್ಲಿ ದಂಗೆಯಾಗಿ ಓಡಿಹೋದವನು ಹೋಗಿ ಹೋಗಿ ಹೊಕ್ಕಿದ್ದು ಅದೇ ಜೀ ಮನೆಗೆ. ಕೈಯಲ್ಲಿದ್ದ ಜೇಡ್ ಕಲ್ಲು ತೋರಿಸಿ, ಜೀವ ಉಳಿಸು, ಇದು ನಿನಗೆ ಅಂದ. ನಿನ್ನನ್ನು ಕೊಂದರೆ ಕಲ್ಲು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ ಜೀ ಅವನನ್ನು ಕೊಂದು ಕಲ್ಲನ್ನೂ ಇಟ್ಟುಕೊಂಡ.

ಗಂಡಸರಿಗೆ

ಇಲ್ಲಿ ಆಯ್ಕೆ ಕಮ್ಮಿ, ಆದರೆ ಇರೋದು ಚೆನ್ನಾಗಿದೆ. ಕೂದಲು ಭುಜಕ್ಕೆ ಬರುತ್ತಿದ್ದರೆ ಜರ್ಮನಿಯ ಸುಯೆಬಿ ಜನರ ಗಂಟು ಹಾಕಿ. ಎಲ್ಲ ಕೂದಲನ್ನೂ ಒಂದು ಪಕ್ಕಕ್ಕೆ ತಂದು, ಹುರಿ ಮಾಡಿ, ಕಿವಿಯ ಮೇಲೆ ಗಂಟು. ವೈರಿಗಳಿಗೆ ಎತ್ತರವಾಗಿ, ಭಯ ಹುಟ್ಟಿಸುವ ಹಾಗೆ ಕಾಣಲಿ ಅಂತ ಹೀಗೆ ಮಾಡುತ್ತಾರೆ ಅಂತ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದ. 1948ರಲ್ಲಿ ಓಸ್ಟರ್‌ಬಿ ಅನ್ನೋ ಕಡೆ ಜೌಗಿನಲ್ಲಿ ಸಿಕ್ಕ ತಲೆಬುರುಡೆಯ ಮೇಲೆ ಆ ಗಂಟು ಇನ್ನೂ ಬಿಚ್ಚಿರಲಿಲ್ಲ. ಪಿನ್ ಇಲ್ಲ, ದಾರ ಇಲ್ಲ, ಎರಡು ಸಾವಿರ ವರ್ಷ! ಇದಕ್ಕಿಂತ ಗಟ್ಟಿ ಇನ್ನೇನು ಬೇಕು.

ಎತ್ತರ ಬೇಕು ಆದರೆ ಗಂಟು ಬೇಡ ಅನ್ನುವವರಿಗೆ ಐರ್ಲೆಂಡಿನ ಕ್ಲೋನಿಕ್ಯಾವನ್ ಮನುಷ್ಯ ಇದ್ದಾನೆ. 2003ರಲ್ಲಿ ಜೌಗಿನಲ್ಲಿ ಸಿಕ್ಕವನು. ಆಸಾಮಿ ಕುಳ್ಳ, ಅದಕ್ಕೇ ಏನೋ ಕೂದಲನ್ನು ಮೇಲಕ್ಕೆತ್ತಿ ಜೆಲ್ ಹಚ್ಚಿದ್ದ. ಆ ಜೆಲ್ಲಿನಲ್ಲಿ ಎಣ್ಣೆಯ ಜೊತೆ ಪೈನ್ ಮರದ ಅಂಟಿತ್ತು, ಅದು ಫ್ರಾನ್ಸಿನ ದಕ್ಷಿಣದಿಂದಲೋ ಸ್ಪೇನಿನಿಂದಲೋ ಬಂದಿದ್ದು. ನೀವು ಮಾಮೂಲಿ ಹೇರ್ ಜೆಲ್ ಬಳಸಿ. ಮರದ ಅಂಟು ಬೆಂಕಿ ಬೇಗ ಹಿಡಿಯುತ್ತದೆ, ದೀವಟಿಗೆ ಹಿಡಿದ ದೃಶ್ಯದಲ್ಲಿ ತಲೆಗೆ ಅದನ್ನು ಹಚ್ಚಿಕೊಂಡು ನಿಲ್ಲಬೇಡಿ.

ಸೈನಿಕನ ಪಾತ್ರವಾದರೆ ಚೀನಾದ ಕ್ವಿನ್ ದೊರೆಯ ಮಣ್ಣಿನ ಸೈನಿಕರನ್ನು ನೋಡಿ. ಎಷ್ಟೋ ಜನರ ಜುಟ್ಟು ನೆತ್ತಿಯ ನಡುವೆ ಇಲ್ಲ, ಬಲಕ್ಕೆ ವಾಲಿದೆ. ಅದೊಂದನ್ನು ಸರಿ ಮಾಡಿದರೆ ಸಾಕು, ಉಳಿದದ್ದು ವೇಷ ನೋಡಿಕೊಳ್ಳುತ್ತದೆ.

ಹಾಗಾದರೆ ಯಾವುದು?

ತಲೆ ಬೋಳಾಗಿದ್ದರೆ ಅಥವಾ ಕೂದಲು ಕಿವಿಯವರೆಗೆ ಮಾತ್ರ ಇದ್ದರೆ ಈಜಿಪ್ಟಿನ ವಿಗ್, ಬೇರೆ ಯೋಚನೆ ಬೇಡ. ಭುಜದವರೆಗೆ ಇದ್ದು ಎರಡು ಮೂರು ದಿನ ಒಂದೇ ತಲೆಯಲ್ಲಿ ಇರಬೇಕಾದರೆ ಅಮರ್ನಾದ ಹಾಗೆ ಹೆಣೆದ ಚೌರಿ, ಒಂದು ಸಂಜೆಗಾದರೆ ಚೀನಾದ ತುರುಬು. ಬೆನ್ನ ಮಧ್ಯದವರೆಗೆ ಇದ್ದರೆ ರೋಮ್. ಕೂದಲು ಜಾಸ್ತಿಯಾಗಿ ಏನು ಮಾಡೋದು ಗೊತ್ತಾಗದೆ ಕೂತವರಿಗೆ ಮಾತ್ರ ಅಥೆನ್ಸ್. ಇದರ ನಡುವೆ ಎಲ್ಲೋ ಇದ್ದೀರಿ, ತೀರ್ಮಾನ ಆಗುತ್ತಿಲ್ಲ ಅಂದರೆ ಹೊಲಿಗೆ ಕಲಿಯಿರಿ. ಮಿಕ್ಕ ಎಲ್ಲದರ ತಪ್ಪನ್ನೂ ಸೂಜಿ ಮುಚ್ಚಿಹಾಕುತ್ತದೆ. ಹೆಣೆದ ಚೌರಿ ಜಾರಿದರೆ ಎರಡು ಹೊಲಿಗೆ, ವಿಗ್ ಅಲುಗಿದರೆ ಕಿವಿಯ ಹಿಂದೆ ಎರಡು ಹೊಲಿಗೆ.

ಬಿಚ್ಚೋದಕ್ಕೂ ಸಮಯ ಇಟ್ಟುಕೊಳ್ಳಿ, ಇದನ್ನು ಎಲ್ಲರೂ ಮರೆಯುತ್ತಾರೆ. ವಿಗ್ ಒಂದು ನಿಮಿಷ, ಹೆಣೆದದ್ದು ಒಂದು ಮಧ್ಯಾಹ್ನ. ಹೊಲಿದದ್ದಕ್ಕೆ ಹತ್ತು ನಿಮಿಷ ಸಾಕು, ಆದರೆ ದಾರದ ಬಣ್ಣ ಕೂದಲಿನದ್ದೇ ಆದ್ದರಿಂದ ಎಲ್ಲಿ ಕತ್ತರಿಸಬೇಕು ಅಂತ ಕಾಣಿಸಲ್ಲ. ಸುಸ್ತಾದ ಕೈಗೆ ಕತ್ತರಿ ಕೊಟ್ಟರೆ ದಾರದ ಜೊತೆ ಜಡೆಯೂ ಹೋಗುತ್ತದೆ. ಅದಕ್ಕೆ ನಾನು ಕೊನೆಯ ಗಂಟನ್ನು ಮಾತ್ರ ಕೆಂಪು ದಾರದಲ್ಲಿ ಹಾಕಿ, ತುರುಬಿನ ಅಡಿಗೆ ಸಿಕ್ಕಿಸಿಡುತ್ತೇನೆ. ನಾಟಕ ಮುಗಿದ ಮೇಲೆ ಆ ಕೆಂಪನ್ನು ಹುಡುಕಿ, ಅಷ್ಟನ್ನೇ ಕತ್ತರಿಸಿ ಎಳೆದರೆ, ಉಣ್ಣೆ ದಾರ ಒಂದೇ ಉದ್ದಕ್ಕೆ ಹೊರಗೆ ಬರುತ್ತದೆ.